ಹದಿನೈದು ಮಾರು

ಬೇಟೆ ಇನ್ನೂ ಅಪರಾಧವಾಗಿರದ ಕಾಲ.
ದೇವರಾಯನದುರ್ಗದ ಬೆನ್ನಿಗೆ ನಮ್ಮ ಸೀಗೇಹಟ್ಟಿ,
ಹಟ್ಟಿಗೆಲ್ಲ ಅಂಕಿ ಓದಬಲ್ಲವಳು ನಾನೊಬ್ಬಳೇ.
ಮೂರನೇ ಕ್ಲಾಸು, ಎರಡು ಜಡೆ.

ತುಮಕೂರಿನಿಂದ ಜೀಪಿನಲ್ಲಿ ಬರುತ್ತಿದ್ದರು
ಹಲ್ಲಿನ ಡಾಕ್ಟರು ವೆಂಕಟಪತಿ.
ವಾರವೆಲ್ಲ ಇಕ್ಕಳ, ಶನಿವಾರ ಮಾತ್ರ ಕೋವಿ.
ದಾರಿ ತೋರುವವನು ನಮ್ಮಪ್ಪ ಓಬಳಯ್ಯ,
ಹೆಜ್ಜೆಯಲ್ಲಿ ನಿಂತ ನೀರಿನ ಬಣ್ಣ ನೋಡಿ
ಕಡವೆ ಹೋಗಿ ಎಷ್ಟು ಹೊತ್ತಾಯಿತೆಂದು ಹೇಳುವವನು.

ಆ ಸಂಜೆ ಜಗಲಿಯ ಮೇಲೆ ಎರಡು ಡಬ್ಬ.
ಒಂದೇ ನಳಿಗೆಗೆ ಎರಡು ಥರದ ತೋಟಾ:
ಒಂದು ಚೂಪು ಮೂತಿ, ಮಿರಮಿರ ತಾಮ್ರ,
ಇನ್ನೊಂದು ಮೊಂಡು, ತುದಿಯಲ್ಲಿ ಸೀಸ ಕಾಣುವಂಥದು.
ಡಾಕ್ಟರು ಜೀಪಿನ ಬಾನೆಟ್ಟಿನ ಮೇಲೆ
ತಮ್ಮ ಫ್ಲಾಸ್ಕಿನ ಕಾಫಿ ಬಗ್ಗಿಸಿಕೊಳ್ಳುತ್ತ
"ಯಾವುದು ಸರಿಯೋ ನೀನೇ ನೋಡಿ ತುಂಬು" ಅಂದರು.

ಅಪ್ಪ ಒಂದೊಂದನ್ನೂ ಅಂಗೈಯಲ್ಲಿ ತೂಗಿದ,
ಅವ್ವ ಹುಣಸೆಹಣ್ಣು ತೂಗುವ ಹಾಗೆ, ಕಣ್ಣು ಮುಚ್ಚಿ.
"ಕುಂಟೆ ಹತ್ರ ಪೊದೆ ದಟ್ಟ.
ಸಿಕ್ಕರೆ ಹದಿನೈದು ಮಾರಲ್ಲಿ ಸಿಗ್ತೈತೆ.
ಅಷ್ಟು ಹತ್ರಕ್ಕೆ ಓಟ ಬ್ಯಾಡ ಮಗಾ, ತೂಕ ಬೇಕು.
ಮೂಳೆಗೆ ಬಡಿದ ಮೇಲೂ ಒಳಗೆ ನಡೆಯೋ ಅಂಥದ್ದು.
ಓಡೋದು ಒಡೀತದೆ.
ಯಾವ್ದು ಭಾರ, ಓದಿ ಹೇಳು."

ಡಬ್ಬಗಳ ಮೇಲೆ ಡಾಕ್ಟರ ಪೆನ್ಸಿಲ್ ಗುರುತು.
ಒಂದರ ಮೇಲೆ ನೂರೈವತ್ತು.
ಇನ್ನೊಂದರ ಮೇಲೆ ಮೂರು ಸಾವಿರದ ನಾನೂರ ಎಂಬತ್ತು.
ದೊಡ್ಡ ಅಂಕಿಯೇ ಹೆಚ್ಚು ಅಂತ ಕಲಿಸಿದ್ದರು ಮೇಷ್ಟ್ರು,
ಯಾವುದರಲ್ಲಿ ಹೆಚ್ಚು ಅಂತ ಕೇಳಲು ಕಲಿಸಿರಲಿಲ್ಲ.
ಅದು ಓಟದ ಲೆಕ್ಕ, ಸೆಕೆಂಡಿಗೆ ಇಷ್ಟು ಅಡಿ ಅಂತ
ನನಗೆ ತಿಳಿಯುವಾಗ ಹೈಸ್ಕೂಲು.

ಬೆರಳಿಟ್ಟೆ.
ಅಪ್ಪನ ಕೈ ಒಂದು ಗಳಿಗೆ
ಇನ್ನೊಂದು ಡಬ್ಬದ ಮೇಲೇ ಇತ್ತು.
ನನ್ನ ಮುಖ ನೋಡಿದ.
ಕೈ ತೆಗೆದ.

ಮುಂದಿನದು ನಾನು ಕಂಡದ್ದಲ್ಲ, ಕೇಳಿದ್ದು.
ಲಂಟಾನದ ಸಂದಿನಿಂದ ಕವಲುಗೊಂಬಿನ ಗಂಡು,
ಕತ್ತಿನ ಜೂಲಿಗೆಲ್ಲ ಕುಂಟೆಯ ಕೆಸರು.
ಹದಿನೈದು ಮಾರೂ ಇಲ್ಲ, ಉಸಿರು ಕೇಳುತ್ತಿತ್ತಂತೆ.
ಡಾಕ್ಟರ ಗುರಿ ತಪ್ಪಿರಲಿಲ್ಲ.
ಭುಜದ ಮೇಲೆ ತಟ್ಟೆಯಗಲ ಹಸಿಗಾಯ, ಅಷ್ಟೇ.
ಹಲಗೆಮೂಳೆಗೆ ತಾಗಿದ ಗುಂಡು
ಅಲ್ಲೇ ಪುಡಿಯಾಗಿ ಕೂತಿತ್ತು.
ಕಡವೆ ಮೂರು ಕಾಲಲ್ಲಿ
ಕಲ್ಲು ಉರುಳಿಸುತ್ತ ಬೆಟ್ಟ ಹತ್ತಿತು.

ಸೋಮವಾರ ಕ್ಲಿನಿಕ್ಕಿದೆ ಅಂತ ಡಾಕ್ಟರು ಹೊರಟರು.
ಅಪ್ಪ ಮೂರು ದಿನ ಮನೆಗೆ ಬರಲಿಲ್ಲ.
ನಾಲ್ಕನೆಯ ದಿನ ಬಂದವನ ಮಚ್ಚು ತೊಳೆದಿತ್ತು,
ಹೆಗಲ ಮೇಲೆ ಮಾಂಸವಿರಲಿಲ್ಲ.
ಅವ್ವ ಕೇಳಿದ್ದಕ್ಕೆ "ಹುಳ ಬಿದ್ದಿತ್ತು" ಅಂದ.
"ಬದುಕಿತ್ತು" ಅಂದ, ಉಂಡಾದ ಮೇಲೆ, ಯಾರಿಗೂ ಅಲ್ಲ.

ಅಂಗಿ ಜೇಬಿನಿಂದ ತೆಗೆದು ನನ್ನ ಕೈಗಿಟ್ಟಿದ್ದು
ತಾಮ್ರದ ಒಂದು ಚೂರು,
ದಾಳಿಂಬೆ ಹೂವಿನಂತೆ ಸೀಳಿ ಮಡಚಿದ್ದು.
ಬೈಯಲಿಲ್ಲ.
"ಎಷ್ಟು ತೂಕ ಐತೆ, ಓದು" ಅಂದ.
ಅದರ ಮೇಲೆ ಏನೂ ಬರೆದಿರಲಿಲ್ಲ.

ಆಮೇಲೂ ನನ್ನ ಕೈಲೇ ಓದಿಸುತ್ತಿದ್ದ,
ಬಸ್ಸಿನ ಬೋರ್ಡು, ಮಾತ್ರೆಯ ಚೀಟಿ, ಕಂದಾಯದ ರಸೀತಿ.
ಕೇಳಿ, ತಲೆಯಾಡಿಸಿ,
ಖಾಲಿ ಅಂಗೈಯನ್ನು ಒಮ್ಮೆ
ಮೇಲೆ ಕೆಳಗೆ ಆಡಿಸಿಕೊಳ್ಳುತ್ತಿದ್ದ.

ಕೊರಟಗೆರೆಯಲ್ಲಿ ಮೂವತ್ತೊಂದು ವರ್ಷ
ಲೆಕ್ಕ ಹೇಳಿಕೊಟ್ಟೆ.
ಉತ್ತರ ಸರಿಯಿದ್ದು ಬರೀ ಅಂಕಿ ಬರೆದವರಿಗೆ
ಮಾರ್ಕು ಕೊಡಲಿಲ್ಲ.
ಗ್ರಾಮೋ, ಗಜವೋ, ಗಂಟೆಯೋ,
ಪಕ್ಕದಲ್ಲಿ ಬರೆಯಿರಿ ಅಂದೆ.
ಜಿಪುಣಿ ಮೇಡಂ ಅಂತ ಹೆಸರಿಟ್ಟಿದ್ದರು ಮಕ್ಕಳು.
ಚೂರು ಸೀಮೆಸುಣ್ಣದ ಡಬ್ಬದಲ್ಲಿತ್ತು.
ಬರೆಯದವರಿಗೆ ಸೊನ್ನೆ.