ರಕ್ತಕ್ಕೂ ಮರೆವು

ನುವೊರೊದ ಡಾಕ್ಟರು ಚೀಟಿ ಮಡಚಿಟ್ಟರು:
"ಏನೂ ಇಲ್ಲ ಬತ್ತಿಸ್ತಿನಾ, ಸೀಲಿಯಾಕ್ ಅಲ್ಲ."
ಆಮೇಲೆ, ಬಾಗಿಲವರೆಗೆ ಬಂದು, ತಡೆದು:
"ಗೋಧಿ ಬಿಟ್ಟು ಎಷ್ಟು ದಿನ?"

ಐದು ತಿಂಗಳು.
ಅವ್ವ ಒಲೆಯಿಂದ ತೆಗೆದ ಹಾಳೆರೊಟ್ಟಿ
ಹಪ್ಪಳದಂತೆ ಮುರಿಯುವ ಸದ್ದಿಗೇ
ಹೊಟ್ಟೆ ಉಬ್ಬುತ್ತಿತ್ತು. ಬಿಟ್ಟಿದ್ದೆ.

"ಹಾಗಾದರೆ ಇದು ಲೆಕ್ಕಕ್ಕಿಲ್ಲ.
ಪೆಟ್ಟು ಬಿದ್ದರಷ್ಟೇ ರಕ್ತ ದೂರು ಕೊಡುತ್ತದೆ.
ದಿನಾ ತಿನ್ನು, ಆರು ವಾರ. ಮತ್ತೆ ಬಾ.
ಕೆಲವರ ರಕ್ತ ಹುಟ್ಟುಮೂಕ,
ಅದನ್ನೂ ನೋಡೋಣ."

ಅವ್ವ ಏನೂ ಕೇಳದೆ
ಹಿಟ್ಟು ಜರಡಿ ಹಿಡಿದಳು.
ಮೊದಲ ತುಂಡಿಗೆ ಎಣ್ಣೆ ಸವರಿ, ಉಪ್ಪು ಉದುರಿಸಿ
ಕೊಡುವಾಗ ಕೈ ನಡುಗಿತು,
ನಲವತ್ತು ವರ್ಷ ಊರಿಗೇ ಉಣಿಸಿದ ಕೈ.

ಮುರಿದೆ.
ಅಯ್ಯೋ, ಎಷ್ಟು ರುಚಿ.