ನಿವ್ವಳ ತೂಕ

ನನ್ನ ಕೆಲಸ ಸರಳ. ಲಾರಿ ಬರುತ್ತದೆ, ತೂಗುತ್ತೇನೆ.
ಕಾಳು ಸುರಿದು ಹೊರಡುವಾಗ ಬರಿಲಾರಿ ತೂಗುತ್ತೇನೆ.
ಕಳೆದರೆ ಉಳಿಯುವುದು ನಿವ್ವಳ.
ಇಪ್ಪತ್ತೆರಡು ವರ್ಷ ನೆಬ್ರಾಸ್ಕಾದ ಈ ಸಹಕಾರಿ ಕಣಜದ
ಕಿಟಕಿಯಲ್ಲಿ ಕೂತು ಕಂಡುಕೊಂಡದ್ದಿಷ್ಟೇ:
ನಿನ್ನ ಜೋಳದಲ್ಲಿ ತೇವ ಹೆಚ್ಚಿದೆ ಅಂದರೆ
ಯಾವ ರೈತನೂ ಮೊದಲ ಮಾತಿಗೆ ಒಪ್ಪುವುದಿಲ್ಲ.

ಮಗಳು ಲೀಟಾಗೆ ಹದಿನೇಳು.
ಪರೀಕ್ಷೆಯಲ್ಲಿ ಮೂವತ್ತಾರಕ್ಕೆ ಇಪ್ಪತ್ತಮೂರು.
ಎರಡು ಸಲ ಬರೆದಳು, ಎರಡು ಸಲವೂ ಅದೇ.
ಶಾಲೆಯ ಸಲಹೆಗಾರ ಓಬರ್‌ಮಾಯರ್
ಹಳದಿ ಹಾಳೆಯ ಮೇಲೆ ಮೂರು ಗೆರೆ ಎಳೆದ.
ರಾಜಧಾನಿಯ ದೊಡ್ಡದು: ತುದಿಗಾಲಲ್ಲಿ ನಿಂತರೆ ಸಿಕ್ಕೀತು.
ಪ್ಲ್ಯಾಟ್ ನದಿಯ ಪಕ್ಕದ್ದು: ಸರಿಹೋಗುತ್ತದೆ.
ಮರಳುಗುಡ್ಡಗಳಾಚೆಯ ಚಿಕ್ಕದು: ಕದ ತಟ್ಟುವುದೂ ಬೇಡ.
ಮೂರೂ ರಾಜ್ಯದವೇ, ನಮ್ಮ ತೆರಿಗೆಯ ಇಟ್ಟಿಗೆಯವೇ.
ಗಡಿ ದಾಟಿದರೆ ಶುಲ್ಕ ಎರಡು ಪಟ್ಟು.
ಗಡಿ ಅಂದರೆ ಇಲ್ಲಿ ರಸ್ತೆಬದಿಯ ಒಂದು ಫಲಕ,
ಆಚೆಗೂ ಅದೇ ಜೋಳ, ಅದೇ ಗಾಳಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು ಸುಲಭ.
ಕಾಲು ಇನ್ನೂ ಬೆಳೆಯುತ್ತಿರುವಾಗ
ಯಾವ ರಾತ್ರಿಯ ಅಳತೆಗೆ ಹಾಸಿಗೆ ಹೊಲಿಸುವುದು?

ಅಣ್ಣನ ಮಗ ಟ್ರೆವಿಸ್ ರಾಜಧಾನಿಗೇ ಹೋಗಿದ್ದ.
ಅಕ್ಟೋಬರಿನಲ್ಲಿ ಬಟ್ಟೆಬುಟ್ಟಿ ಹೊತ್ತು ಬಂದ.
ಒಗೆಯಲಿಕ್ಕೆ, ಅಂದ.
ಒಗೆದಾಯಿತು, ಒಣಗಿಸಿಯಾಯಿತು, ಮಡಿಸಿಯೂ ಆಯಿತು.
ಬುಟ್ಟಿ ಇನ್ನೂ ಅಲ್ಲೇ ಇದೆ.
ಸುಲಭದ್ದಕ್ಕೆ ಹೋಗಿ ಕೆಟ್ಟವರೂ ಉಂಟು.
ದೂರ ಹುಡುಕಬೇಕಿಲ್ಲ, ನಾನೇ:
ಮೊದಲ ವರ್ಷ ಎಲ್ಲದರಲ್ಲೂ ಮುಂದು,
ಎರಡನೆಯ ವರ್ಷ ಬರೀ ನಿದ್ದೆ.
ಇದನ್ನು ಅವಳಿಗೆ ಹೇಳಿರಲಿಲ್ಲ. ಓಬರ್‌ಮಾಯರನಿಗೂ.

ಮಾರ್ಚಿಯ ಒಂದು ಸಂಜೆ, ಗೇಟು ಮುಚ್ಚಿದ ಮೇಲೆ,
ಕರಗುವ ಹಿಮ ತುಳಿದುಕೊಂಡು ಬಂದು
ಲಾರಿ ತೂಗುವ ಹಲಗೆಯ ಮೇಲೆ ತಾನೇ ನಿಂತಳು.
"ಓದು ಅಪ್ಪಾ."
ನೂರ ಇಪ್ಪತ್ತು ಪೌಂಡು.
ಚೀಲ ಇಳಿಸಿ ನಿಂತಳು. ನೂರ ಇಪ್ಪತ್ತು.
ಬೂಟು, ಕೋಟು ಕಳಚಿದಳು. ಅದೇ ನೂರ ಇಪ್ಪತ್ತು.
ಈ ತಕ್ಕಡಿಗೆ ಇಪ್ಪತ್ತರ ಲೆಕ್ಕ ಮಾತ್ರ ಗೊತ್ತು, ಮಗಳೇ,
ನಡುವಿನದೇನೂ ಇದರ ಕಣ್ಣಿಗೆ ಬೀಳುವುದಿಲ್ಲ ಅಂದೆ.
ಕಾಲುಚೀಲದಲ್ಲೇ ನಿಂತು ನಕ್ಕಳು,
"ನನ್ನ ಇಪ್ಪತ್ತಮೂರರ ಹಾಗೆ" ಅಂದಳು.
ಆಗ ನನ್ನ ಎರಡನೆಯ ವರ್ಷದ ನಿದ್ದೆಯ ಕತೆ
ತಾನಾಗಿ ಹೊರಬಂತು. ಕೇಳಿಸಿಕೊಂಡಳು.
ಬೂಟು ಮಾತ್ರ ಹಾಕಿಕೊಳ್ಳಲೇ ಇಲ್ಲ, ಪೆದ್ದು.

ಏಪ್ರಿಲಿನಲ್ಲಿ ನದಿಯ ಪಕ್ಕದ್ದನ್ನು ನೋಡಿ ಬಂದಳು.
ಕಟ್ಟಡದ ಸುದ್ದಿಯಿಲ್ಲ, ಊಟದ ಸುದ್ದಿಯಿಲ್ಲ.
ರಸಾಯನಶಾಸ್ತ್ರದ ತರಗತಿಯಲ್ಲಿ ಹಿಂದೆ ಕೂತಿದ್ದಳಂತೆ.
ಮೇಡಂ ಒಂದು ಪ್ರಶ್ನೆ ಕೇಳಿದರಂತೆ.
"ಅರ್ಧ ಗೊತ್ತಿತ್ತು ಅಪ್ಪಾ.
ಇನ್ನರ್ಧಕ್ಕೆ ದಾರಿಯುದ್ದಕ್ಕೂ ತಲೆ ಕೆರೆದುಕೊಂಡೆ."
ಕಾರಿನ ಕೀಲಿಯನ್ನು ಮೊಳೆಗೆ ಸಿಕ್ಕಿಸುತ್ತ ಹೇಳಿದ ಮಾತು.
ಅಲ್ಲಿಗೆ ತೀರ್ಮಾನ ಆಗಿಹೋಗಿತ್ತು.
ರಾಜಧಾನಿಯಿಂದ ಮೇ ತಿಂಗಳಲ್ಲಿ ಬಂದ ದಪ್ಪ ಲಕೋಟೆಯನ್ನು
ಅವಳ ತಾಯಿ ಎರಡು ದಿನ ಮೇಜಿನ ಮೇಲೇ ಇಟ್ಟಿದ್ದಳು,
ನೆಂಟರ ಕಣ್ಣಿಗೆ ಬೀಳುವ ಹಾಗೆ.
ನಾನೂ ತೆಗೆಯಲಿಲ್ಲ, ಸುಳ್ಳು ಯಾಕೆ.

ಆಗಸ್ಟ್. ಹಾಸಿಗೆ, ಪುಟ್ಟ ಫ್ರಿಜ್ಜು, ದೀಪ, ಅವಳು.
ಊರು ಬಿಡುವಾಗ ಪಿಕಪ್ ಗಾಡಿಯನ್ನು ಹಲಗೆಗೆ ಹತ್ತಿಸಿದೆ.
"ಅಪ್ಪಾ, ಬೇಡ" ಅಂದಳು. ಚೀಟಿ ಕಿಸೆಗಿಟ್ಟೆ.
ಸಂಜೆ ಒಬ್ಬನೇ ಮರಳಿ, ಬರಿಗಾಡಿ ತೂಗಿದೆ.
ಕಳೆದರೆ ಮುನ್ನೂರ ಅರವತ್ತು ಪೌಂಡು.
ಪೆಟ್ರೋಲು ಕಡಿಮೆಯಾದದ್ದೂ ಅದರಲ್ಲೇ ಸೇರಿದೆ,
ದಾರಿಯಲ್ಲಿ ನಾವು ತಿಂದು ಮುಗಿಸಿದ ಪೀಚ್ ಹಣ್ಣೂ.
ಸರಕು ಯಾವುದು ಎಂಬಲ್ಲಿ ಏನೂ ಬರೆಯಲಿಲ್ಲ.
ತೇವ ಎಷ್ಟು ಎಂಬಲ್ಲಿ
ಯಂತ್ರ ತಾನೇ ಸೊನ್ನೆ ಒತ್ತಿತು.

ಹಿಂದೆ ಯಾರದೋ ಲಾರಿ ಹಾರ್ನು ಹೊಡೆಯಿತು,
ಈ ವರ್ಷದ ಮೊದಲ ಜೋಳ.
ಮುಷ್ಟಿ ತುಂಬ ಕಾಳು ತೆಗೆದು, ಹಲ್ಲಲ್ಲಿ ಒಂದು ಕಡಿದು,
"ಇನ್ನೊಂದು ವಾರ ಬಿಡಬೇಕಿತ್ತು" ಅಂದೆ.
ಅವನು ಒಪ್ಪಲಿಲ್ಲ.