ನಾಕನೇ ಪುಟದ ಕಿಂಡಿ

ಗಂಜಿನ ಹಿಂದ, ತೊಗರಿ ಹೊಟ್ಟು ಹಾರಿ ಬಂದು ಕೂಡೋ ಓಣಿಯೊಳಗ
ನಂದು ರದ್ದಿ ಅಂಗಡಿ.
ಬೋರ್ಡಿನ ಮ್ಯಾಲ ಇನ್ನೂ ಗುಲ್ಬರ್ಗಾ ಅಂತನೇ ಅದ.
ಊರಿನ ಹೆಸರು ಬದಲಾದ ಸುದ್ದಿ
ಕಿಲೋಕ್ಕ ಎಂಟು ರೂಪಾಯಿದಂಗ ನನ್ನ ಕಡೆ ಬಂತು,
ಪೇಂಟರ್ ಬರಲಿಲ್ಲ.

ಹತ್ತು ವರ್ಷ ಅಂದ್ರ ಏನು ಅಂತ ಕೇಳಿದ್ರ
ನಾ ತೂಕ ಹೇಳಬಲ್ಲೆ, ಅಷ್ಟೇ.
ಮೊದಲ ಬಂದವು ಬೆನ್ನು ಉಬ್ಬಿದ ಟೀವಿ,
ಇಬ್ಬರು ಹೊರಬೇಕು, ಒಬ್ಬರು ಬೈಬೇಕು.
ಆಮ್ಯಾಲ ಡಿವಿಡಿ ಪ್ಲೇಯರು, ಒಂದರ ಹೊಟ್ಟಿಯೊಳಗ
ಯಾರದೋ ಮದುವಿ ಸಿಕ್ಕಿಕೊಂಡಿತ್ತು.
ಆಮ್ಯಾಲ ಗುಂಡಿ ಫೋನು, ಐದನೇ ಗುಂಡಿ ಸವೆದದ್ದು.
ಆಮ್ಯಾಲ ಗಾಜಿನವು, ಬಿದ್ದದ್ದು ಹಂಗೇ ಕಾಣೋವು.
ಚಾರ್ಜರು ಮಾತ್ರ ಲೆಕ್ಕಿಲ್ಲ:
ಒಂದರ ಪಿನ್ನು ಇನ್ನೊಂದಕ್ಕ ಕೂಡಂಗಿಲ್ಲ,
ಬಿಡಿಸಲಿಕ್ಕೂ ಬರಂಗಿಲ್ಲ,
ಒಂದೇ ಮನಿಯ ವಾರಗಿತ್ತೇರಂಗ.

ಬ್ರಹ್ಮಪುರದ ಮಲ್ಕಣ್ಣ ಮಾಸ್ತರು
ತಿಂಗಳ ಮೊದಲನೇ ಐತವಾರ
ಸುತಳಿ ಕಟ್ಟಿದ ಪೇಪರು ತರತಿದ್ರು.
ತಕ್ಕಡಿ ನೋಡತಿರಲಿಲ್ಲ, ಮುಳ್ಳು ನೋಡತಿರಲಿಲ್ಲ,
ಕೊಟ್ಟಷ್ಟು ಅಂಗಿ ಕಿಸೇದಾಗ.
ಒಂದೊಂದು ಪೇಪರಿಗೂ ನಾಕನೇ ಪುಟದಾಗ
ಎರಡು ಬಟ್ಟಿನಷ್ಟು ಕಿಂಡಿ.
ಕತ್ತರಿಯಿಂದ, ನೆಟ್ಟಗ.

ಲಾಟರಿ ಇರಬೇಕು ಅಂದ ಲಾಡ್ಲೆಸಾಬ,
ಸ್ಕ್ರೂ ಬಿಚ್ಚತಾ.
ಮಗಳಿಗಿ ವರ ಅಂದೆ ನಾನು.
ಶೇಂಗಾದ ಹಸನಪ್ಪ ಬಂದು ಜಗಳಾ ತಗದ:
ಇದರಾಗ ಪೊಟ್ಟಣ ಕಟ್ಟಿದ್ರ
ಬಸ್ ಸ್ಟ್ಯಾಂಡ್ ಮುಟ್ಟೋದ್ರಾಗ ಅರ್ಧ ಸೋರ್ತಾವ.

ಪುಕ್ಕಟ ಸಿಮ್ಮಿಗೆ ಪಾಳಿ ನಿಂತ ವರ್ಷಾನೇ
ನೋಟು ಬಂದಾದವು.
ಮೊದಲ ಪುಟದಾಗ ಅಂಗೈಯಷ್ಟು ಅಕ್ಷರ.
ನಾಕರಾಗ ಅದೇ ಕಿಂಡಿ.
ಕಿಂಡಿಯ ಬೆನ್ನಿಗೆ ಸೆಲ್ಫಿ ಫೋನಿನ ಜಾಹೀರಾತು,
ನಗೋ ಹುಡುಗಿಯ ಒಂದು ಕಣ್ಣು ಹೋಗಿತ್ತು.
ಮಾಸ್ತರಿಗೆ ಕೊಡಲಿಕ್ಕೆ ಚಿಲ್ಲರ ಇರಲಿಲ್ಲ.
ಬರಕೋ ಅಂದ್ರು. ಬರಕೊಂಡೆ.
ಬರಕೊಂಡದ್ದು ಹಂಗೇ ಅದ.

ಆಮ್ಯಾಲ ಆ ಮಾರ್ಚ್.
ನಮ್ಮೂರ ಹೊಸ ಹೆಸರು ದಿಲ್ಲಿ ಟೀವಿಯೊಳಗ
ದಿನಾ ದಿನಾ, ತಪ್ಪು ತಪ್ಪಾಗಿ.
ಪೇಪರು ಮುಟ್ಟಿದ್ರ ಬ್ಯಾನಿ ಬರ್ತದಂತ
ಓಣಿಗಿ ಓಣಿ ಪೇಪರ್ ಬಿಡಸ್ತು.
ತಕ್ಕಡಿ ಮ್ಯಾಲ ಬೆಕ್ಕು ಮಲಗ್ತು.

ಮುಂಗಾರಿಗೆ ಅಂಗಡಿ ತಗದಾಗ ಮಾಸ್ತರು ಬಂದ್ರು,
ಮಾರಿಗಿ ಟವೆಲ್, ಕೈಯಾಗ ಕಟ್ಟಿಲ್ಲ.
ಏಪ್ರಿಲ್ ಇಪ್ಪತ್ತರಿಂದ ಮೇ ಒಂಬತ್ತು,
ಯಾರರೆ ಹಾಕ್ಯಾರೇನು?

ನಾ, ಲಾಡ್ಲೆಸಾಬ, ಎರಡು ತಾಸು ಹುಡಕಿದ್ವಿ.
ಮೂರು ಸಿಕ್ಕವು, ಒಂದು ಎಣ್ಣಿ ಕುಡದದ್ದು.
ಕಿಸೇದಾಗಿಂದ ಕತ್ತರಿ ತಗದ್ರು,
ನನ್ನ ಮುಂದ ಕೊರದ್ರು.
ಆಗ ಕಂಡಿತು:
ನಿನ್ನೆಯ ಉಷ್ಣಾಂಶ. ಗರಿಷ್ಠ, ಕನಿಷ್ಠ.
ಎರಡು ಅಂಕಿ.

ಇಷ್ಟಕ್ಕ ಏನ್ರೀ ಮಾಸ್ತರ?
ಫೋನ್ ಮಾರಿ ಒರಸಿ ತೋರಿಸಿದೆ,
ಸೂರ್ಯನ ಚಿತ್ರ ಸಹಿತ ಬರ್ತದ ನೋಡ್ರಿ.

ಅದು ನಾಳಿಂದು ಹೇಳ್ತದ, ಅಂದ್ರು.
ನಿನ್ನಿಂದು ಯಾರು ಇಟ್ಟಾರ?
ವರ್ಷಾ ವರ್ಷಾ ಅಂತೀರಿ ಎಲ್ಲಾರೂ,
ಇಂಥಾ ಬಿಸಲು ಎಂದೂ ಇದ್ದಿಲ್ಲಂತ.
ಇತ್ತು. ಇಲ್ಲಾ, ಇದ್ದಿಲ್ಲ.
ಒಬ್ಬನ ಕಡೆಯರೆ ಲೆಕ್ಕ ಬ್ಯಾಡೇನು?

ಮೂರು ಚೂರು ಕನ್ನಡಕದ ಡಬ್ಬಿಯೊಳಗಿಟ್ಟು
ನಡದು ಹೋದ್ರು.
ಹದಿನೇಳು ದಿನದ ಬಿಸಲು ಕಮ್ಮಿ ಬಿದ್ದೇ ಬಿತ್ತು.

ಅವರು ಬಿಟ್ಟ ಹಾಳಿ ಎತ್ತಿ ಕಣ್ಣಿಗೆ ಹಿಡದೆ,
ಸಣ್ಣ ಹುಡುಗರಂಗ.
ಕಿಂಡಿಯೊಳಗ ಅಂಗಳ:
ಒಡದ ಫೋನುಗಳ ಗುಡ್ಡಿ,
ಒಂದೊಂದು ಗಾಜಿನ್ಯಾಗೂ ಒಂದೊಂದು ಸೂರ್ಯ,
ಕಣ್ಣು ಕುಕ್ಕಿ ಲಾಡ್ಲೆಸಾಬ
ಅದರ ಮ್ಯಾಲ ಗೋಣಿಚೀಲ ಎಳೀತಿದ್ದ.

ಇವತ್ತು ಎಷ್ಟಿತ್ತೋ.
ನಾಳಿನ ಪೇಪರಿನ್ಯಾಗ ಬರ್ತದ.
ತಡಾ ಆಗ್ತದ, ಖರೆ.
ಬರ್ತದ.